‘ಜನ ಕೇಳೋದನ್ನೇ ತಾನೇ ಕಂಪನಿ ಕೊಡೋದು?’

ಹಾಡಿನ ಉದ್ಯಮದ ಬಗ್ಗೆ ಮಾತೆತ್ತಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಇಷ್ಟವಾದರೆ ಜನ ಕೇಳುತ್ತಾರೆ, ಇಲ್ಲದಿದ್ದರೆ ಬಿಡುತ್ತಾರೆ. ಇದರಲ್ಲಿ ಕಂಪನಿಯ ಅಧಿಕಾರ, ಸಿದ್ಧಾಂತ ಅಂತೆಲ್ಲ ಎಲ್ಲಿಂದ ಬಂತು?

ಅರ್ಧ ಉತ್ತರ: ಹೌದು, ನಿಜ. ಆ ಅರ್ಧಕ್ಕೆ 1952ಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಆ ವರ್ಷ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಣ್ಣಿಗೆ ಸಿನಿಮಾ ಹಾಡು ಅಗ್ಗದ ಸರಕು. ಶಾಸ್ತ್ರೀಯ ಸಂಗೀತ ಕೇಳಿಸಿ ದೇಶದ ಕಿವಿ ತಿದ್ದಬೇಕೆಂಬುದು ಅವರ ಹಟ. ಆಕಾಶವಾಣಿ ಸಿನಿಮಾ ಹಾಡಿನ ವೇಳೆಗೆ ಕತ್ತರಿ ಹಾಕಿತು. ಚಿತ್ರದ ಹೆಸರು ಹೇಳಿದರೆ ಜಾಹೀರಾತಾಗುತ್ತದೆಂದು ಅದನ್ನೂ ಹೇಳದಾಯಿತು. ನಿರ್ಮಾಪಕರು ಪ್ರಸಾರದ ಅನುಮತಿಯನ್ನೇ ವಾಪಸ್ ಪಡೆದರು. ಕೇಳುಗರೇನು ಖಯಾಲ್‌, ಕೃತಿಗಳತ್ತ ಹೊರಳಿದರೇ? ಇಲ್ಲ, ರೇಡಿಯೊ ಮುಳ್ಳನ್ನು ಕೊಲಂಬೊ ಕಡೆಗೆ ತಿರುಗಿಸಿದರು. ರೇಡಿಯೊ ಸಿಲೋನ್‌ನಲ್ಲಿ ಅಮೀನ್ ಸಯಾನಿ ನಡೆಸಿಕೊಡುತ್ತಿದ್ದ, ಸಿನಿಮಾ ಹಾಡುಗಳಿಗೆ ಶ್ರೇಯಾಂಕ ಕೊಡುವ ‘ಬಿನಾಕಾ ಗೀತಮಾಲಾ’ ಮನೆಮಾತಾಯಿತು. ಕಾರ್ಯಕ್ರಮಕ್ಕೆ ಹೆಸರು ಕೊಟ್ಟ ಪ್ರಾಯೋಜಕ ಬಿನಾಕಾ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಟೂತ್‌ಪೇಸ್ಟ್. ಸರ್ಕಾರ ಸೋತು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರು ಮಾಡಿತು. 1967ರ ನವೆಂಬರ್‌ನಿಂದ ಅದೇ ವಾಹಿನಿ ಜಾಹೀರಾತನ್ನೂ ತೆಗೆದುಕೊಂಡಿತು.

ಜನ ಗೆದ್ದರು ಎಂದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಗೀತಮಾಲಾದ ಮೊದಲ ವರ್ಷಗಳ ಶ್ರೇಯಾಂಕ ನಿಂತಿದ್ದು ಅಂಗಡಿಗಳಲ್ಲಿ ಮಾರಾಟವಾದ ರೆಕಾರ್ಡುಗಳ ಲೆಕ್ಕದ ಮೇಲೆ. ಗ್ರಾಮಫೋನ್ ಇದ್ದ ಮನೆಗಳೆಷ್ಟು? ಅಲ್ಲಿ ‘ಜನ’ ಎಂದರೆ ರೆಕಾರ್ಡು ಕೊಳ್ಳಲು ಕೈಯಲ್ಲಿ ಕಾಸಿದ್ದವರು. ಜನಪ್ರಿಯತೆ ಅಳೆಯುವ ಕೋಲು ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ನೋಡಬೇಕು, ಹಾಡನ್ನು ಆಮೇಲೆ.

ಇನ್ನೊಂದು ತಮಾಷೆಯಿದೆ. ಸಿನಿಮಾ ಹಾಡಿಗೆ ಪ್ರತಿಯಾಗಿ ಆಕಾಶವಾಣಿ ಲಘು ಸಂಗೀತದ ಘಟಕಗಳನ್ನು ಕಟ್ಟಿತು. ನಾವು ಸುಗಮ ಸಂಗೀತ ಎನ್ನುವುದಕ್ಕೆ ಆ ಸ್ಟುಡಿಯೊಗಳು ದೊಡ್ಡ ಆಸರೆಯಾದವು. ಬೇಂದ್ರೆ, ಕುವೆಂಪು, ಕೆ.ಎಸ್.ನ. ಅವರ ಕವಿತೆ ರೇಡಿಯೊದಲ್ಲಿ ಹಾಡಾಗಿ ಮನೆ ಹೊಕ್ಕಿತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬರುವ ಹೊತ್ತಿಗೆ ಅದಕ್ಕೆ ಕೇಳುಗರು ತಯಾರಾಗಿದ್ದರು. ಇದನ್ನು ಕೊಡಿ ಎಂದು ಯಾರೂ ಅರ್ಜಿ ಹಾಕಿರಲಿಲ್ಲ. ರುಚಿ ಹುಟ್ಟುವುದು ಬಡಿಸಿದ ಮೇಲೆ.

ಈಗಿನ ಅಳತೆಗೋಲಿಗೆ ಬರೋಣ. ಮೊಬೈಲಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈ ಆ್ಯಪ್‌ನಲ್ಲಿ ಹಾಡು 30 ಸೆಕೆಂಡು ಓಡಿದರೆ ಒಂದು ಸ್ಟ್ರೀಮ್. 29ನೇ ಸೆಕೆಂಡಿಗೆ ಬೆರಳು ಮುಂದಕ್ಕೆ ಜಾರಿದರೆ ಸೊನ್ನೆ. ಆರು ನಿಮಿಷ ಕೇಳಿದರೂ ಲೆಕ್ಕ ಒಂದೇ. ಉದ್ದನೆಯ ಆರಂಭದ ವಾದ್ಯಸಂಗೀತ, ನಿಧಾನದ ಆಲಾಪ ಈ ಲೆಕ್ಕಕ್ಕೆ ನಷ್ಟದ ಬಾಬತ್ತು. ಪಲ್ಲವಿ ಬೇಗ ಬರಲಿ ಎಂದು ಸಂಯೋಜಕರಿಗೆ ಒತ್ತಡ ಬೀಳುವುದು ಇದರಿಂದ. 2024ರಿಂದ ಇನ್ನೊಂದು ನಿಯಮ: ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಮುಟ್ಟದ ಹಾಡಿನ ಧ್ವನಿಮುದ್ರಣಕ್ಕೆ ಹಣವೇ ಇಲ್ಲ.

ಹಣ ಹಂಚುವ ಬಗೆ ಇನ್ನೂ ವಿಚಿತ್ರ. ಇಬ್ಬರು ಚಂದಾದಾರರು, ತಲಾ 100 ರೂಪಾಯಿ ಎಂದಿಟ್ಟುಕೊಳ್ಳಿ. ಒಬ್ಬರು ತಿಂಗಳಿಗೆ 90 ಸಲ ಸಿನಿಮಾ ಹಾಡು ಕೇಳಿದರು, ಇನ್ನೊಬ್ಬರು 10 ಸಲ ಭಾವಗೀತೆ. ಕಂಪನಿಯ ಪಾಲನ್ನು ಸದ್ಯ ಬಿಡೋಣ. 200 ರೂಪಾಯಿ ಒಂದೇ ಗಂಟಿಗೆ ಹೋಗುತ್ತದೆ. ಒಟ್ಟು 100 ಸ್ಟ್ರೀಮ್‌ನಲ್ಲಿ ಭಾವಗೀತೆಯದು ಹತ್ತು, ಹಾಗಾಗಿ ಅದಕ್ಕೆ 20 ರೂಪಾಯಿ. ಭಾವಗೀತೆ ಬಿಟ್ಟು ಬೇರೇನೂ ಕೇಳದವರ 80 ರೂಪಾಯಿ ಅವರು ಕೇಳದ ಹಾಡಿಗೆ ಸಂದಿತು. ಅವರವರ ಚಂದಾ ಅವರವರು ಕೇಳಿದ ಹಾಡಿಗೇ ಹೋಗುವ ಪದ್ಧತಿಯೂ ಅಸಾಧ್ಯವೇನಲ್ಲ. ಸೌಂಡ್‌ಕ್ಲೌಡ್ ಎಂಬ ಇನ್ನೊಂದು ಹಾಡಿನ ತಾಣ 2021ರಲ್ಲಿ ಅದನ್ನು ಶುರು ಮಾಡಿತು. ಹಾಡುಗಳ ದೊಡ್ಡ ಸಂಗ್ರಹ ಇರುವ ಕಂಪನಿಗಳಿಗೆ ಹಳೆಯ ಗಂಟೇ ಹಿತ.

ಮುಂದಿನ ಹಾಡು ಯಾವುದೆಂಬ ತೀರ್ಮಾನವೂ ಪೂರ್ತಿ ನಿಮ್ಮದಲ್ಲ. ಸ್ಪಾಟಿಫೈನ ‘ಡಿಸ್ಕವರಿ ಮೋಡ್’ನಲ್ಲಿ ಹಕ್ಕುದಾರರು ತಮ್ಮ ಕೆಲವು ಹಾಡುಗಳನ್ನು ಗುರುತು ಮಾಡಿ ಕೊಡುತ್ತಾರೆ. ತಾನಾಗಿ ಹರಿಯುವ ಪಟ್ಟಿಗಳಲ್ಲಿ ಅವು ಬರುವ ಸಾಧ್ಯತೆ ಹೆಚ್ಚುತ್ತದೆ. ಮುಂಗಡ ಕೊಡಬೇಕಿಲ್ಲ, ಅಂಥ ಕೇಳಿಕೆಯಿಂದ ಬಂದ ರಾಯಧನದಲ್ಲಿ 30% ಕಮಿಷನ್ ಕಡಿತ. ‘ನಿಮಗಾಗಿ’ ಎಂಬ ಪದದ ಹಿಂದೆ ಇಂಥ ಒಪ್ಪಂದವೂ ಇರಬಹುದು ಎಂಬುದು ತಿಳಿದಿರಲಿ. ಕೇಸ್ಕರ್ ಸಾಹೇಬರು ‘ನಿಮ್ಮ ಒಳ್ಳೆಯದಕ್ಕೆ’ ಅನ್ನುತ್ತಿದ್ದರು, ಇವರು ‘ನಿಮ್ಮ ಇಷ್ಟಕ್ಕೆ’ ಅನ್ನುತ್ತಾರೆ. ಮೊದಲನೆಯದು ಸಿದ್ಧಾಂತ ಎಂದು ಎಲ್ಲರಿಗೂ ಗೊತ್ತಾಗಿತ್ತು, ಮುಳ್ಳು ತಿರುಗಿಸಿದರು. ಎರಡನೆಯದನ್ನು ನಾವು ಸಿದ್ಧಾಂತವೆಂದು ಕರೆಯುವುದೇ ಇಲ್ಲ, ಅದೇ ಅದರ ಬಲ.

ಹಾಗಾದರೆ ಬರೆದವರಿಗೆ ಏನು ಸಿಗುತ್ತದೆ? 1977ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ಬರೆಸಿದ ಚಿತ್ರ ನಿರ್ಮಾಪಕರೇ ಸಾಹಿತ್ಯ, ಸಂಗೀತದ ಮೊದಲ ಒಡೆಯರು. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಕೇಳಿಸುವುದನ್ನು ಬಿಟ್ಟರೆ ಉಳಿದೆಲ್ಲ ಬಳಕೆಯ ರಾಯಧನದಲ್ಲಿ ಗೀತರಚನಕಾರರಿಗೂ ಸಂಯೋಜಕರಿಗೂ ಸಮಪಾಲು. ಆ ಪಾಲನ್ನು ಅವರು ಬಿಟ್ಟುಕೊಟ್ಟೆವೆಂದು ಸಹಿ ಹಾಕಿದರೂ ಸಲ್ಲದು. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಮಾತ್ರ ವಹಿಸಬಹುದು. ಎಡವಟ್ಟಾಗುವುದು ದಾಖಲೆಯಲ್ಲಿ. ಗೀತರಚನಕಾರರ, ಸಂಯೋಜಕರ ಹಕ್ಕುಸ್ವಾಮ್ಯ ಸಂಘವಾದ ಐಪಿಆರ್‌ಎಸ್‌ನ ಸದಸ್ಯತ್ವ ಪಡೆದರಷ್ಟೇ ಸಾಲದು, ಒಂದೊಂದು ಹಾಡನ್ನೂ ಯಾರ ಪಾಲು ಎಷ್ಟೆಂದು ನಮೂದಿಸಬೇಕು. ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೊಂದು ಆಲ್ಬಮ್‌ನಲ್ಲಿ ಒಂದೊಂದು ಥರ ಇದ್ದರೆ ಲೆಕ್ಕ ಕೂಡುವುದಿಲ್ಲ, ಹಣ ಅಲ್ಲೇ ಕೊಳೆಯುತ್ತದೆ.

ಪರೀಕ್ಷೆ ಬೇಕಿದ್ದರೆ ಮಾಡಿ ನೋಡಿ. ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿ ಕ್ರೆಡಿಟ್ಸ್ ತೆರೆಯಿರಿ, ಬರೆದವರ ಜಾಗದಲ್ಲಿ ಯಾರ ಹೆಸರಿದೆ ಓದಿ. ಆಲ್ಬಮ್ ಪುಟದ ತೀರಾ ಕೆಳಗೆ, ವೃತ್ತದೊಳಗೆ ಪಿ ಅಕ್ಷರವಿರುವ ಸಾಲಿನಲ್ಲಿ ಧ್ವನಿಮುದ್ರಣದ ಒಡೆಯರು ಯಾರೆಂದಿರುತ್ತದೆ. ಮೊದಲನೆಯದು ಖಾಲಿ ಇರುವ ಹಾಡು ಸಿಕ್ಕೀತು, ಎರಡನೆಯದು ಖಾಲಿ ಇರುವುದು ಸಿಗುವುದು ಕಷ್ಟ.