ನೌಕೆಗಳು ಹೋಗಿಬಂದ ಮೇಲೂ ಧೂಮಕೇತುವನ್ನು ಇಲ್ಲಿಂದ ನೋಡುವುದೇಕೆ?

ನಾನು ಧೂಮಕೇತುಗಳ ಧೂಳನ್ನು ಅಭ್ಯಸಿಸುತ್ತೇನೆಂದು ಪುಣೆಯ ಕನ್ನಡ ಬಳಗದಲ್ಲಿ ಹೇಳಿದಾಗಲೆಲ್ಲ ಯಾರಾದರೂ ಹಿರಿಯರು ಕೇಳುವ ಮಾತೊಂದಿದೆ: "ಸ್ಟಾರ್‌ಡಸ್ಟ್ ನೌಕೆ ಧೂಳನ್ನೇ ಹಿಡಿದು ತಂದಿತು, ರೋಸೆಟಾ ಧೂಮಕೇತುವಿನ ಜೊತೆಗೇ ಇತ್ತು. ಇನ್ನೂ ನೀವು ಜುನ್ನರಿನ ಗುಡ್ಡದ ಮೇಲಿಂದ ಬರಿಯ ಬೆಳಕು ನೋಡಿ ತಿಳಿಯುವುದೇನಪ್ಪಾ?" ಜುನ್ನರಿನ ಗುಡ್ಡವೆಂದರೆ ಪುಣೆಯ ಖಗೋಳ ಸಂಶೋಧನಾ ಕೇಂದ್ರವಾದ ಐಯುಕಾದ 2 ಮೀಟರ್ ದೂರದರ್ಶಕವಿರುವ ಗಿರಾವಲಿ.

ಪ್ರಶ್ನೆ ನ್ಯಾಯವಾದದ್ದೇ. ಆದರೆ 2006ರಲ್ಲಿ ಭೂಮಿಗೆ ಬಂದದ್ದು ವೈಲ್ಡ್ 2 ಎಂಬ ಒಂದು ಧೂಮಕೇತುವಿನ ಧೂಳು. ರೋಸೆಟಾ 2014ರಿಂದ 2016ರವರೆಗೆ ಸುತ್ತಿದ್ದೂ 67ಪಿ ಎಂಬ ಒಂದನ್ನೇ. ಅವು ಕಲಿಸಿದ್ದು ಉಳಿದವಕ್ಕೂ ಸಲ್ಲುತ್ತದೆಯೇ ಎಂದು ತಿಳಿಯಲು ಬೆಳಕೇ ಗತಿ.

ಧೂಳಿನ ಕಣಕ್ಕೆ ತಗುಲಿ ಚದುರಿದ ಬಿಸಿಲಿನ ಕಂಪನ ಎಲ್ಲ ದಿಕ್ಕಿಗೂ ಸಮನಾಗಿ ಉಳಿಯದೆ ಒಂದು ದಿಕ್ಕಿಗೆ ವಾಲುತ್ತದೆ, ಇದೇ ಧ್ರುವೀಕರಣ. ಈ ವಾಲು ಎಷ್ಟೆಂಬುದು ಕಣದ ಗಾತ್ರ, ರಚನೆ, ವಸ್ತುಗಳ ಜೊತೆಗೆ ಧೂಮಕೇತುವಿನಿಂದ ನೋಡಿದರೆ ಸೂರ್ಯ, ಭೂಮಿಗಳ ನಡುವೆ ಕಾಣುವ ಕೋನವನ್ನೂ ಅವಲಂಬಿಸಿದೆ. ಕೋನ ಸುಮಾರು 22 ಡಿಗ್ರಿಗಿಂತ ಕಡಿಮೆಯಿದ್ದಾಗ ಧ್ರುವೀಕರಣ ಋಣಾತ್ಮಕವಾಗಿ, ಅಂದರೆ ಸೂರ್ಯ, ಧೂಮಕೇತು, ಭೂಮಿ ಮೂರೂ ಇರುವ ಸಮತಲಕ್ಕೆ (ಚದುರುವಿಕೆಯ ಸಮತಲ) ಸಮಾಂತರವಾಗಿರುತ್ತದೆ. ಅನಂತರ ಧನಾತ್ಮಕವಾಗಿ ಏರುತ್ತ 90 ಡಿಗ್ರಿಯ ಆಸುಪಾಸಿನಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ನುಣುಪಾದ ಗುಂಡು ಕಣಗಳನ್ನು ಊಹಿಸಿಕೊಂಡು ಲೆಕ್ಕ ಹಾಕಿದರೆ ಈ ನಯವಾದ ವಕ್ರರೇಖೆ ಸುಲಭಕ್ಕೆ ದಕ್ಕುವುದಿಲ್ಲ. ಸಣ್ಣ ಕಣಗಳು ಸಡಿಲವಾಗಿ ಅಂಟಿಕೊಂಡ ಗೊಂಚಲುಗಳನ್ನೂ ಸೇರಿಸಿಕೊಂಡರೆ ಅದು ಹೊಂದುತ್ತದೆ. ಅಂಥ ಗೊಂಚಲುಗಳನ್ನೇ ರೋಸೆಟಾದ ಉಪಕರಣಗಳೂ ಕಂಡವು. ಒಂದು ರಾತ್ರಿಯ ಒಂದು ಅಂಕಿಯಿಂದ ಹೆಚ್ಚೇನೂ ಹೇಳಲಾಗದು. ಹಲವು ಕೋನಗಳಲ್ಲಿ ಅಳೆಯಲೇಬೇಕು. ಅಷ್ಟರಲ್ಲಿ ಮಳೆಗಾಲ ಬಂತೆಂದರೆ ನಮ್ಮ ಸಹ್ಯಾದ್ರಿಯ ಮೋಡ ಯಾವ ಧೂಮಕೇತುವಿಗೂ ಕಾಯುವುದಿಲ್ಲ.

ನಿಜವಾದ ತೊಡಕು ಅನಿಲದ್ದು. ಧೂಮಕೇತುವಿನ ಸುತ್ತ ಹೊಳೆಯುವ ಇಂಗಾಲದ ಜೋಡಿ ಅಣುಗಳ ಬೆಳಕೂ ಧ್ರುವೀಕೃತವೇ, ಆದರೆ 90 ಡಿಗ್ರಿಯಲ್ಲಿಯೂ ಅದು ಶೇ 8ನ್ನು ಮೀರುವುದಿಲ್ಲ. ಹಲವು ಬಣ್ಣಗಳನ್ನು ಒಟ್ಟಿಗೆ ಬಿಡುವ ಅಗಲ ಪಟ್ಟಿಯ ಫಿಲ್ಟರಿನಲ್ಲಿ ಎರಡೂ ಬೆರೆತರೆ ಧೂಳಿನ ಧ್ರುವೀಕರಣ ಇರುವುದಕ್ಕಿಂತ ತಗ್ಗಿ ಕಾಣುತ್ತದೆ. ಆದ್ದರಿಂದ ಅನಿಲ ಹೊಳೆಯುವ ಬಣ್ಣದ ಪಟ್ಟಿಗಳನ್ನು ಬಿಟ್ಟು 445, 526, 713 ನ್ಯಾನೋಮೀಟರು ತರಂಗಾಂತರಗಳ ಸುತ್ತಲಿನ ಕಿರಿದಾದ ಫಿಲ್ಟರುಗಳನ್ನು ಬಳಸುತ್ತಾರೆ. ಗರಿಷ್ಠ ಧ್ರುವೀಕರಣ ಶೇ 25ರ ಸುತ್ತ ಇರುವವು, ಶೇ 10-15ರಲ್ಲೇ ನಿಲ್ಲುವವು ಎಂದು ಧೂಮಕೇತುಗಳನ್ನು ಎರಡು ಗುಂಪು ಮಾಡುವ ವಾಡಿಕೆಯಿದೆ. ಎರಡನೆಯ ಗುಂಪಿನಲ್ಲಿ ಕೆಲವಂತೂ ಅನಿಲದ ಕಲಬೆರಕೆಯಿಂದಲೇ ಅಲ್ಲಿ ಸೇರಿವೆ ಎಂಬುದು ನನ್ನ ಅಭಿಪ್ರಾಯ.

ಹೇಲ್-ಬಾಪ್ ಧೂಮಕೇತು ಈ ಎರಡು ಗುಂಪಿಗೂ ಸೇರದು. ಅದರ ಧ್ರುವೀಕರಣ ಮೊದಲ ಗುಂಪಿಗಿಂತಲೂ ಹೆಚ್ಚು. 2019ರಲ್ಲಿ ಬೇರೊಂದು ನಕ್ಷತ್ರದ ನೆರೆಯಿಂದ ಬಂದ ಬೋರಿಸೋವ್ ಧೂಮಕೇತುವನ್ನು ಚಿಲಿಯ ದೊಡ್ಡ ದೂರದರ್ಶಕದಿಂದ ಅಳೆದಾಗ ಅದು ಹೇಲ್-ಬಾಪ್ ಅನ್ನೇ ಹೋಲಿತು; ಬಿಸಿಲಿಗೆ ಹೆಚ್ಚು ಸಿಲುಕದ ಧೂಳು ಅದರಲ್ಲಿರಬಹುದೆಂದು ಅಳೆದವರು ತರ್ಕಿಸಿದರು. ಬೋರಿಸೋವ್ ಹಾದುಹೋಗುವಾಗ ಅದನ್ನು ಹತ್ತಿರದಿಂದ ನೋಡಲು ಯಾವ ನೌಕೆಯೂ ಹೋಗಿರಲಿಲ್ಲ.