ಇಸವಿಯ ಕೆಳಗೆ ನೋಡಿ

ಹತ್ತು ರೂಪಾಯಿ ಬಿಲ್ಲೆ ಕೊಟ್ಟರೆ "ಅಕ್ಕ, ಇದು ನಡೆಯಲ್ಲ, ಬೇರೆ ಕೊಡಿ" ಅನ್ನುವವರು ನಮ್ಮ ತಿಪಟೂರಿನಲ್ಲಿ ಇನ್ನೂ ಇದ್ದಾರೆ. ಯಾಕೆ ಅಂತ ಕೇಳಿದರೆ ಕೆಲವರು ಇಸವಿಯ ಕೆಳಗೆ ಉಗುರು ಇಟ್ಟು ತೋರಿಸುತ್ತಾರೆ: "ಅದರಲ್ಲಿ ಸ್ಟಾರ್ ಇದೆ, ಇದರಲ್ಲಿ ಏನೂ ಇಲ್ಲ, ಡೂಪ್ಲಿಕೇಟು." ಹತ್ತರ ಬಿಲ್ಲೆಯ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ, ಎಲ್ಲವೂ ಅಸಲಿ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸಾರಿ ಹೇಳಿದೆ. ಆದರೂ ಈ ಮಾತು ನಿಂತಿಲ್ಲ. ಕಿರಾಣಿ ಅಂಗಡಿಯ ಗಲ್ಲಾದ ಮುಂದೆ ದಿನವೂ ಕೂರುವವಳಾಗಿ ನನಗೆ ಇದನ್ನು ಬಿಡಿಸಿ ಹೇಳಬೇಕು ಅನ್ನಿಸಿದೆ.

ಇಸವಿಯ ಕೆಳಗಿರುವುದು ಆ ನಾಣ್ಯ ಯಾವ ಟಂಕಸಾಲೆಯಲ್ಲಿ ತಯಾರಾಯಿತು ಎನ್ನುವ ಗುರುತು. ನಮ್ಮ ದೇಶದಲ್ಲಿ ಸರ್ಕಾರದ ಟಂಕಸಾಲೆಗಳು ನಾಲ್ಕು. ಪುಟ್ಟ ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡನೆಯ ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಗುರುತು ಹಾಕದಿರುವುದು ಬ್ರಿಟಿಷರ ಕಾಲದಿಂದಲೂ ಕೋಲ್ಕತ್ತದ ಪದ್ಧತಿ. ಹಾಗಾಗಿ ಖಾಲಿ ಜಾಗ ನೋಡಿ ಖೋಟಾ ಅನ್ನುವುದು ಶುದ್ಧ ತಪ್ಪು. ಅದೂ ಒಂದು ವಿಳಾಸವೇ.

ಈ ಗುರುತು ಯಾಕೆ ಬೇಕು? ಬೆಳ್ಳಿ ರೂಪಾಯಿಯ ಕಾಲದಲ್ಲಿ ತೂಕವೋ ಬೆಳ್ಳಿಯ ಪ್ರಮಾಣವೋ ಕಡಿಮೆ ಬಂದರೆ ಯಾವ ಟಂಕಸಾಲೆಯನ್ನು ಕೇಳಬೇಕು ಎಂದು ಗೊತ್ತಾಗಬೇಕಿತ್ತು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಹೊರಡಿಸಿದ ಆನೆ ಕಾಸಿನ ಹಿಂಬದಿಯಲ್ಲಿ ಪರ್ಷಿಯನ್ ಲಿಪಿಯಲ್ಲಿ 'ಪಟನ್' ಎಂದು ಊರ ಹೆಸರೇ ಇರುತ್ತಿತ್ತು. ಈಗ ಊರ ಹೆಸರಿನ ಬದಲು ಚುಕ್ಕೆ, ನಕ್ಷತ್ರ. ಇದನ್ನು ಆಮೇಲೆ ಒತ್ತುವುದೂ ಅಲ್ಲ. ಅಚ್ಚಿನಲ್ಲೇ ಕೆತ್ತಿರುತ್ತಾರೆ. ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆ ಸಿಕ್ಕಿ ಒತ್ತಡ ಬಿದ್ದಾಗ ಅಂಕಿ, ಸಿಂಹ, ಗುರುತು ಎಲ್ಲ ಒಟ್ಟಿಗೇ ಮೂಡುತ್ತವೆ. ಚಿತ್ರ ಪಕ್ಕಕ್ಕೆ ಸರಿದ ನಾಣ್ಯ ಇವತ್ತು ಕೈಗೆ ಬಂದರೂ ಅದು ಎಲ್ಲಿ ತಯಾರಾದದ್ದು ಎಂದು ತಕ್ಷಣ ಹೇಳಬಹುದು.

ಸವೆದ ನಾಣ್ಯದಲ್ಲಿ ಮಾತ್ರ ಸ್ವಲ್ಪ ಕಷ್ಟ. ವಜ್ರದ ಮೂಲೆಗಳು ಸವೆದರೆ ನೋಯ್ಡಾದ ಚುಕ್ಕೆಯ ಹಾಗೇ ಕಾಣುತ್ತದೆ. ಮೊಬೈಲ್ ಟಾರ್ಚನ್ನು ಮೇಲಿಂದ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ, ನೆರಳು ಬಿದ್ದು ಆಕಾರ ಎದ್ದು ಕಾಣುತ್ತದೆ. ಇಸವಿಯೂ ಸಹಾಯಕ್ಕೆ ಬರುತ್ತದೆ: ನೋಯ್ಡಾ ಟಂಕಸಾಲೆ ಶುರುವಾದದ್ದೇ 1988ರಲ್ಲಿ. ಅದಕ್ಕೂ ಹಿಂದಿನ ನಾಣ್ಯದಲ್ಲಿ ಚುಕ್ಕೆ ಕಂಡರೆ ಅದು ನೋಯ್ಡಾದ್ದಲ್ಲ.

ನನಗೆ ತುಂಬ ಇಷ್ಟವಾಗುವುದು ಈ ನಾಲ್ಕಕ್ಕೂ ಹೊರಗಿನ ಗುರುತುಗಳು. ಚಿಲ್ಲರೆಗೆ ಬರ ಬಂದು ಅಂಗಡಿಯಲ್ಲಿ ರೂಪಾಯಿ ಬದಲು ಚಾಕಲೇಟು ಕೊಡುತ್ತಿದ್ದ ಕಾಲ ನೆನಪಿದೆಯಲ್ಲ? ನಮ್ಮ ಟಂಕಸಾಲೆಗಳು ಒದಗಿಸಿದ್ದು ಸಾಲದೆ ಸರ್ಕಾರ ಹೊರದೇಶಗಳಲ್ಲೂ ನಾಣ್ಯ ಮಾಡಿಸಿತು. 1998ರ ಒಂದು ರೂಪಾಯಿ ಸ್ಟೀಲ್ ಬಿಲ್ಲೆ ಒಂದನ್ನು ನಾನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಇಸವಿಯ ಕೆಳಗೆ ಸಾಸಿವೆಗಿಂತ ಚಿಕ್ಕ ಅಕ್ಷರದಲ್ಲಿ ಎಂ, ಕೆ. ಅದು ಸ್ಲೊವಾಕಿಯಾದ ಕ್ರೆಮ್ನಿತ್ಸಾ ಊರಿನದು. ಚಿನ್ನದ ಗಣಿಯ ಆ ಸಣ್ಣ ಊರಿನ ಟಂಕಸಾಲೆ 1328ರಿಂದ ನಡೆದುಕೊಂಡು ಬಂದಿದೆ. ಅಂದರೆ ವಿಜಯನಗರ ಹುಟ್ಟುವುದಕ್ಕೂ ಮೊದಲು ಶುರುವಾದ ಜಾಗದಿಂದ ಬಂದ ರೂಪಾಯಿ, ನಮ್ಮ ಅಂಗಡಿಯಲ್ಲಿ ಬೆಂಕಿಪೊಟ್ಟಣದ ಲೆಕ್ಕಕ್ಕೆ ಸೇರಿತ್ತು! 1999ರ ದಪ್ಪನೆಯ ಐದು ರೂಪಾಯಿಗಳಲ್ಲಿ ಮಾಸ್ಕೋದ ಎಂಎಂಡಿ ಗುರುತಿನವೂ ಇವೆ, ಕೊನೆಯ ಅಕ್ಷರ ರಷ್ಯನ್ ಲಿಪಿಯ 'ಡಿ'. 1985ರ ರೂಪಾಯಿಯಲ್ಲಿ ಇಂಗ್ಲಿಷಿನ ಎಚ್ ಅಕ್ಷರ ಕಂಡರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು.

ಒಂದು ಎಚ್ಚರಿಕೆ. "ಈ ಗುರುತಿನ ನಾಣ್ಯ ಇದ್ದರೆ ಲಕ್ಷ ರೂಪಾಯಿ" ಎಂಬ ವಿಡಿಯೋ ನೋಡಿ ಯಾರಿಗೂ ನೋಂದಣಿ ಶುಲ್ಕ ಕಳಿಸಬೇಡಿ. ತನ್ನ ಹೆಸರು ಹೇಳಿಕೊಂಡು ಹಳೆ ನಾಣ್ಯದ ವ್ಯಾಪಾರಕ್ಕೆ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಬರೀ ಗುರುತಿನಿಂದ ಬೆಲೆ ಬರುವುದಿಲ್ಲ. ಆ ಇಸವಿಯಲ್ಲಿ ಆ ಟಂಕಸಾಲೆ ಎಷ್ಟು ಕಡಿಮೆ ಒತ್ತಿತ್ತು, ನಾಣ್ಯ ಎಷ್ಟು ಸವೆಯದೆ ಉಳಿದಿದೆ ಎನ್ನುವುದರ ಮೇಲೆ ಸಂಗ್ರಾಹಕರು ಬೆಲೆ ಕಟ್ಟುತ್ತಾರೆ.

ಕೆನಡಾದ ಒಟ್ಟಾವಾದಲ್ಲಿ ಒತ್ತಿದ, ಸಿ ಗುರುತಿನ ಎಂಟಾಣೆ ಮಾತ್ರ ನನ್ನ ಕೈಗೆ ಇನ್ನೂ ಬಂದಿಲ್ಲ. ನಿಮ್ಮ ಮನೆಯ ಹಳೆ ಹುಂಡಿಯಲ್ಲಿ ಇದ್ದರೆ ಒಂದು ಫೋಟೋ ಕಳಿಸಿ, ಟಾರ್ಚನ್ನು ಓರೆಯಾಗಿ ಹಿಡಿದು.