ಸ್ಕೀ ಜಾಕೆಟ್: ಎದೆಯ ಡಾಟಿನ ಸೋರಿಕೆ ಕೊನೆಗೂ ನಿಂತಿತು

ನಿಂತಿತು! ಮೂರು ಮೀಟರ್ ನೀರಿನ ಒತ್ತಡ ಕೊಟ್ಟು ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಹೊಲಿಗೆಯ ಮೇಲಿಟ್ಟ ಟಿಶ್ಯೂ ಕಾಗದ ಇಟ್ಟ ಹಾಗೇ ಒಣಗಿಯೇ ಇತ್ತು. ನನ್ನ ಅಳತೆಗೆ ನಾನೇ ಹೊಲಿಯುತ್ತಿರುವ, ನೀರು ತಡೆಯುವ ಸ್ಕೀ ಜಾಕೆಟ್ಟಿನಲ್ಲಿ ಡಾಟಿನ (ಎದೆಗೆ ಜಾಗ ಕೊಡಲು ಬಟ್ಟೆ ಮಡಚಿ ಚೂಪಾಗಿ ಮುಗಿಸುವ ಹೊಲಿಗೆ) ತುದಿ ಸೋರುತ್ತಿದೆ, ಏನು ಮಾಡಿದರೂ ನಿಲ್ಲುತ್ತಿಲ್ಲ ಅಂತ ಹೋದ ಸಲ ಗೋಳು ತೋಡಿಕೊಂಡಿದ್ದೆನಲ್ಲ, ಅದರ ಮುಂದಿನ ಕಥೆ ಇದು. ಕಟಿಂಗ್, ಜೇಬು, ಗಾಳಿಯಾಡಲು ಕಂಕುಳಲ್ಲಿಡುವ ಪಿಟ್ ಜಿಪ್ಪು ಎಲ್ಲ ನಿಮಗೆ ಗೊತ್ತಿರುವ ಕೆಲಸವೇ, ಅದನ್ನು ಮತ್ತೆ ಬರೆಯುವುದಿಲ್ಲ.

ಆದರೂ ಒಂದು ಮಾತು ಮೊದಲೇ ಹೇಳಬೇಕು, ಯಾಕೆಂದರೆ "ಇಷ್ಟೆಲ್ಲ ಪಾಡು ಯಾಕೆ, ಅಂಗಡಿಯಲ್ಲಿ ಸಿಗಲ್ವಾ?" ಅಂತ ಕೇಳುವವರು ಇನ್ನೂ ಇದ್ದಾರೆ. ಸಿಗುತ್ತದೆ. ಕೊಲಂಬಿಯಾ, ಆರ್‌ಇಐ ಥರದವರು ಹೆಂಗಸರ ಜಾಕೆಟ್ಟನ್ನು 3ಎಕ್ಸ್ ಅಳತೆಯವರೆಗೂ ತರುತ್ತಾರೆ, ಅದು ಒಳ್ಳೆಯ ಕೆಲಸ. ಆದರೆ ಆ ಅಳತೆಯಲ್ಲಿ ನನ್ನ ಕೈಗೆ ಸಿಕ್ಕಿದ್ದು ಹೆಚ್ಚುಕಮ್ಮಿ ಒಂದೇ ಜಾತಿಯವು: ಒಳಗೆ ದಪ್ಪಗೆ ಪಾಲಿಯೆಸ್ಟರ್ ತುಂಬಿರುತ್ತದೆ, ನೀರು ತಡೆಯುವ ಶಕ್ತಿ 10,000 ಮಿ.ಮೀ. (ಈ ಲೆಕ್ಕ ಮುಂದೆ ಹೇಳುತ್ತೇನೆ), ಸೂಜಿ ತೂತು ಮುಚ್ಚುವ ಟೇಪು ಭುಜ ಮತ್ತು ಹುಡ್ಡಿನ ಹೊಲಿಗೆಗಳಿಗೆ ಮಾತ್ರ. ಪಾಲಿಯೆಸ್ಟರ್ ತುಂಬದ ಮೂರು ಪದರದ ಶೆಲ್ಲು (ಹೊರಕವಚದ ಜಾಕೆಟ್ಟು), ನೀರು ತಡೆಯುವ 20,000 ಮಿ.ಮೀ. ಪೊರೆ, ಪ್ರತಿ ಹೊಲಿಗೆಗೂ ಟೇಪು, ಕಂಕುಳಲ್ಲಿ ಉದ್ದನೆಯ ಜಿಪ್ಪು ಬೇಕು ಅಂತ ಹುಡುಕಿದರೆ, ನಾನು ನೋಡಿದ ಹೆಚ್ಚಿನವರು ಎಕ್ಸ್‌ಎಲ್‌ಗೆ ಬಾಗಿಲು ಹಾಕಿಬಿಡುತ್ತಾರೆ. ದಪ್ಪಗಿರುವ ಹೆಂಗಸಿಗೆ ಬೆಚ್ಚಗಿದ್ದರೆ ಸಾಕು, ಅವಳು ಹೇಗೂ ಲಾಡ್ಜಿನಲ್ಲಿ ಕೂತು ಕಾಫಿ ಕುಡಿಯುತ್ತಾಳೆ ಅಂತ ಯಾರೋ ತೀರ್ಮಾನ ಮಾಡಿದ ಹಾಗಿದೆ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸುವ ವಿಷಯ. ದೊಡ್ಡ ಮೈ ಇಳಿಜಾರಿನಲ್ಲಿ ದುಡಿಯುವಾಗ ಹೆಚ್ಚು ಶಾಖ ಹುಟ್ಟುತ್ತದೆ, ಹೆಚ್ಚು ಬೆವರು ಬರುತ್ತದೆ. ನಮಗೆ ಬೇಕಾದದ್ದು ಇನ್ನೊಂದು ಕಂಬಳಿ ಅಲ್ಲ. ಬೆವರು ಹೊರಗೆ ಹೋಗಬೇಕು, ಹೊರಗಿನ ನೀರು ಒಳಗೆ ಬರಬಾರದು, ಅಷ್ಟೇ.

ಅದರಲ್ಲೂ ನಾನು ಸ್ಕೀ ಮಾಡುವುದು ಸಿಯಾಟಲ್ಲಿನಿಂದ ಪೂರ್ವಕ್ಕೆ ಒಂದು ಗಂಟೆ ದೂರದ ಸ್ನೋಕ್ವಾಲ್ಮಿ ಪಾಸಿನಲ್ಲಿ. ಎತ್ತರ ಬರೀ 3,022 ಅಡಿ. ಬೆಳಿಗ್ಗೆ ಹಿಮ, ಮಧ್ಯಾಹ್ನ ಮಳೆ, ಸಂಜೆ ಎರಡೂ ಕಲಸಿದ ಕೆಸರು. ಕೊಲೊರಾಡೊದ ಒಣ ಹಿಮದಲ್ಲಿ ನಡೆದುಹೋಗುವ ಜಾಕೆಟ್ಟು ಇಲ್ಲಿ ಒಂದು ಚೇರ್‌ಲಿಫ್ಟ್ ಸವಾರಿಗೇ ಸೋಲುತ್ತದೆ. ಮೇಲಾಗಿ ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ರಾಜ್ಯಗಳು 2025ರ ಜನವರಿಯಿಂದ ಸಾಮಾನ್ಯ ಉಡುಪುಗಳಲ್ಲಿ ಪಿಎಫ್‌ಎಎಸ್ (ನೀರು ಜಾರಿಹೋಗಲು ಬಟ್ಟೆಗೆ ಬಳಿಯುವ) ರಾಸಾಯನಿಕಗಳನ್ನು ನಿಷೇಧಿಸಿವೆ. ಒಳ್ಳೆಯದೇ ಆಯಿತು, ಆ ವಿಷ ನೀರಿಗೆ ಸೇರುವುದು ಬೇಡ. ಆದರೆ ಹೊಸ ಲೇಪನಗಳಿರುವ ಬಟ್ಟೆಯ ಹೊರಮೈ ಬೇಗ ನೆನೆಯುತ್ತದೆ, ಭಾರವೆಲ್ಲ ಪೊರೆ ಮತ್ತು ಹೊಲಿಗೆಯ ಮೇಲೆ ಬೀಳುತ್ತದೆ.

ಅಂಗಡಿಯ ದೊಡ್ಡ ಸೈಜು ಯಾಕೆ ಕೂರುವುದಿಲ್ಲ ಅನ್ನುವುದು ಪ್ಯಾಟರ್ನ್ ಬಿಡಿಸಿದವರಿಗೆ ಗೊತ್ತು. ಅಮೆರಿಕದ 8ರ ಆಸುಪಾಸಿನ ಸೈಜಿಗೆ ಮಾಡಿದ ಮೂಲ ಪ್ಯಾಟರ್ನನ್ನು ಎಲ್ಲ ಕಡೆಯೂ ಒಂದೇ ಸಮ ಹಿಗ್ಗಿಸುತ್ತಾ ಹೋದರೆ ಕತ್ತು, ಭುಜ, ಕೈಯುದ್ದ ಬೇಡದಷ್ಟು ಬೆಳೆಯುತ್ತವೆ. ತೋಳು, ಎದೆ, ಹಿಪ್ಪು ಬೇಕಾದಷ್ಟು ಬೆಳೆಯುವುದಿಲ್ಲ. ನನ್ನ ಎದೆ 49 ಇಂಚು, ಹಿಪ್ 53, ತೋಳಿನ ಸುತ್ತಳತೆ 18. ಎದೆಗೆ ಆಗುವ ಜಾಕೆಟ್ಟು ತಂದರೆ ಭುಜದ ಹೊಲಿಗೆ ಮೊಣಕೈ ಕಡೆಗೆ ಜಾರುತ್ತದೆ, ಕೈಯ ಅಂಚು ಬೆರಳಿನ ತುದಿ ದಾಟುತ್ತದೆ. ತೋಳು ಮಾತ್ರ ಆಗಲೂ ಬಿಗಿ. ಹಾಗಾಗಿ ಭುಜಕ್ಕೆ ಸರಿಯಾಗುವ ಚಿಕ್ಕ ಬ್ಲಾಕಿನಿಂದ (ಮೂಲ ಪ್ಯಾಟರ್ನಿನಿಂದ) ಶುರು ಮಾಡಿ ಎದೆಗೆ ಜಾಗ ತೆರೆದೆ. ತೆರೆದ ಜಾಗ ಎಲ್ಲಾದರೂ ಮಡಿಕೆಯಾಗಿ ಹೋಗಲೇಬೇಕು, ಅದು 9 ಸೆಂ.ಮೀ. ಅಗಲದ ಡಾಟು. ಇಲ್ಲಿಂದ ತಲೆನೋವು ಶುರು.

ಅದಕ್ಕೂ ಮುಂಚೆ ಮಾಲು ಕಳಿಸುವವರ ವಿಷಯ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಹೊಟ್ಟೆಯುರಿ ಆರುವುದಿಲ್ಲ. ಆನ್‌ಲೈನ್ ಅಂಗಡಿಯೊಂದು ಮೂರು ಪದರದ ಬಟ್ಟೆಗೆ ಅಂತ ಮಾರಿದ ಸೀಮ್ ಟೇಪು ಬಂದು ನೋಡಿದರೆ ಎರಡು ಪದರದ್ದು. ಹೆಣೆದ ಒಳಮೈ ಇರುವ ಬಟ್ಟೆಗೆ ಅದು ಅಂಟುವುದಿಲ್ಲ, ಬಿಸಿಯಲ್ಲಿ ಕೂತ ಹಾಗೆ ನಟಿಸಿ ತಣ್ಣಗಾದ ಮೇಲೆ ಸುಲಿದು ಬರುತ್ತದೆ. ವಾಪಸ್ ತಗೊಳ್ಳಿ ಅಂದರೆ "ಕತ್ತರಿಸಿದ ಮಾಲು ವಾಪಸ್ ಇಲ್ಲ". ರೋಲಿನಿಂದ ಕತ್ತರಿಸಿದ್ದು ಅವರೇ! ಬಟ್ಟೆ ತರಿಸಿದ ಇನ್ನೊಂದು ಕಡೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವುದನ್ನೇ ಬರೆದಿರಲಿಲ್ಲ. ಇಮೇಲ್ ಮಾಡಿದರೆ ಬಂದ ಉತ್ತರ "ಮಧ್ಯಮ". ಎರಡೂ ಕಡೆ ಎಳೆಯುವ 30 ಇಂಚಿನ ಪ್ಲಾಸ್ಟಿಕ್ ಹಲ್ಲಿನ ಜಿಪ್ಪು ಬೇಕೆಂದರೆ 28ಕ್ಕೇ ನಿಲ್ಲುತ್ತಾರೆ. ಹೊಟ್ಟೆಯಿರುವವರು ಕೂತಾಗ ಕೆಳಗಿನಿಂದ ಜಿಪ್ಪು ಬಿಚ್ಚಬೇಕಾಗುತ್ತದೆ, ನಮಗೇ ಅದು ಉದ್ದ ಬೇಕಾದದ್ದು.

ಈಗ ಡಾಟು. ಮಾಮೂಲಿ ಬಟ್ಟೆಯಲ್ಲಿ ಡಾಟಿನ ತುದಿಯನ್ನು ಇಸ್ತ್ರಿಯ ಆವಿ ಕೊಟ್ಟು ಸಮ ಮಾಡುತ್ತೇವೆ. ಪೊರೆ ಇರುವ ಬಟ್ಟೆ ಆವಿಗೆ ಬಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಡಾಟಿನ ಉದ್ದಕ್ಕೂ ಟೇಪು ಚೆನ್ನಾಗಿಯೇ ಕೂರುತ್ತದೆ. ತುದಿಯಲ್ಲಿ ಮಾತ್ರ ಬಟ್ಟೆ ಎರಡೂ ದಿಕ್ಕಿಗೆ ಬಾಗಿ ಉಬ್ಬುತ್ತದೆ, ಟೇಪು ಚಪ್ಪಟೆಯಾದದ್ದು, ಹಿಗ್ಗುವುದಿಲ್ಲ. ದೀಪದ ಕೆಳಗೆ ಭೂತಗನ್ನಡಿ ಹಿಡಿದು ನೋಡಿದಾಗ ಕಂಡದ್ದು ಇದು: ಕೊನೆಯ ಸೂಜಿ ತೂತಿನಿಂದ ಹೊರಟು ಟೇಪಿನ ಅಂಚಿನವರೆಗೆ ಕೂದಲೆಳೆಯಷ್ಟು ತೆಳುವಾದ ಸುರಂಗ. ಒಂದು ಮಡಿಕೆ, ಅಷ್ಟೇ. ಉಗುರಿನಿಂದ ಒತ್ತಿದರೆ ಮಾಯವಾಗುತ್ತದೆ, ಬಿಟ್ಟರೆ ಮತ್ತೆ ಎದ್ದು ನಿಲ್ಲುತ್ತದೆ. ನೀರಿಗೆ ಅಷ್ಟು ದಾರಿ ಸಾಕು.

ಅಳೆಯುವ ಯಂತ್ರ ಮನೆಯಲ್ಲೇ ಆಗುತ್ತದೆ, ಮಾಡಿಕೊಳ್ಳಿ. ಮಿ.ಮೀ. ಲೆಕ್ಕ ಅಂದರೆ ಬಟ್ಟೆಯ ಮೇಲೆ ನಿಂತ ನೀರಿನ ಕಂಬದ ಎತ್ತರವೇ. ಒಂದು ಮೀಟರ್ ನೀರು ಅಂದರೆ 1,000 ಮಿ.ಮೀ. ಮೂರು ಮೀಟರ್ ಪಾರದರ್ಶಕ ಪೈಪು ತಂದು ಮೇಲಿನ ತುದಿಗೆ ಆಲಿಕೆ ಕಟ್ಟಿ ಮಹಡಿ ಮೆಟ್ಟಿಲಿನ ಕಂಬಿಗೆ ನೇತುಹಾಕಿದೆ. ಕೆಳತುದಿಯನ್ನು ಮೇಲಕ್ಕೆ ಮುಖ ಮಾಡಿ ತಿರುಗಿಸಿ, ಪಿವಿಸಿ ಜೋಡಣೆಯ ಬಾಯಿಗೆ ರಬ್ಬರ್ ವಾಷರುಗಳ ನಡುವೆ ಬಟ್ಟೆ ಇಟ್ಟು ಬಿಗಿದೆ. ಬಟ್ಟೆಯ ಹೊರಮೈ ನೀರಿನ ಕಡೆ, ಒಳಮೈ ನಮ್ಮ ಕಡೆ. ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತದೆ ಅಂತ ನೋಡುವ ಐಎಸ್‌ಒ 811 ಪರೀಕ್ಷೆಯಲ್ಲಿ ಮೂರನೇ ಜಾಗದಲ್ಲಿ ಹನಿ ಕಂಡಾಗ ಒತ್ತಡ ಗುರುತು ಹಾಕುತ್ತಾರೆ, ನಾನೂ ಹಾಗೇ ಮಾಡಿದೆ. ಮೂರು ಮೀಟರ್ ಹೆಚ್ಚಾಯಿತು ಅನ್ನಬೇಡಿ. ಬ್ಯಾಕ್‌ಪ್ಯಾಕಿನ ಪಟ್ಟಿ ಸರಿಯಾಗಿ ಆ ಡಾಟಿನ ಮೇಲೇ ಹಾದುಹೋಗುತ್ತದೆ, ಒದ್ದೆ ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ.

ಬರೀ ಬಟ್ಟೆ ಮೂರು ಮೀಟರಿಗೆ ಅಲುಗಲಿಲ್ಲ. ನೇರ ಹೊಲಿಗೆ ಮತ್ತು ಟೇಪು, ಅದೂ ಜಗ್ಗಲಿಲ್ಲ. ಡಾಟಿನ ತುದಿ 900 ಮಿ.ಮೀ. ಸುಮಾರಿಗೆ ಸೋತಿತು. ತುದಿಗೆ ದುಂಡನೆಯ ತೇಪೆ ಹಾಕಿ ನೋಡಿದೆ. ತೇಪೆಯ ಸುತ್ತ ಅಂಚಿನಲ್ಲಿ ನೆರಿಗೆ ಬಂತು, ಒಂದು ಸುರಂಗದ ಬದಲು ಹಲವು. ಡಾಟನ್ನು ಎರಡು ಚಿಕ್ಕ ಡಾಟುಗಳಾಗಿ ಒಡೆದರೆ ಎರಡು ಸೋರಿಕೆ. ಟ್ಯೂಬಿನ ಯುರೆಥೇನ್ ಅಂಟು ಬಳಿದದ್ದು ಮೊದಲು ಪೂರ್ತಿ 3,000 ತಡೆದು ಆಸೆ ಹುಟ್ಟಿಸಿತು. ತುಂಡನ್ನು ಕೈಯಲ್ಲಿ ಚೆನ್ನಾಗಿ ಹಿಸುಕಿ, ವಾಷಿಂಗ್ ಮಶೀನಿಗೆ ಹಾಕಿ ತೆಗೆದು ಮತ್ತೆ ಕಟ್ಟಿದರೆ ಅಂಟಿನ ಅಂಚು ಎದ್ದಿತ್ತು. ಎದೆಯ ಮೇಲೆ ಒರಟಾದ ನಾಣ್ಯ ಹೊಲಿದುಕೊಂಡ ಹಾಗೆ ಬೇರೆ ಚುಚ್ಚುತ್ತದೆ.

ದಾರಿ ತೋರಿಸಿದ್ದು ಅಮ್ಮ. ತುಮಕೂರಿನಲ್ಲಿ ಮನೆಯಲ್ಲೇ ಮಶೀನು ಇಟ್ಟುಕೊಂಡು ಇಡೀ ಬೀದಿಗೆ ಬ್ಲೌಸ್ ಹೊಲಿದವರು. ಹಿಗ್ಗದ ರೇಷ್ಮೆಯನ್ನು ಎಂಥ ಎದೆಗೂ ಸುಕ್ಕಿಲ್ಲದೆ ಕೂರಿಸುವ ವಿದ್ಯೆ ಅವರ ಕೈಯಲ್ಲಿದೆ, ಮತ್ತು ದೊಡ್ಡ ಅಳತೆಗೆ ಅಂತ ಅವರು ಯಾರಿಗೂ ಇಲ್ಲ ಅಂದವರಲ್ಲ. ವಿಡಿಯೋ ಕಾಲಿನಲ್ಲಿ ಸೋರುವ ತುದಿ ತೋರಿಸಿದೆ.

"ಡಾಟ್ ಯಾಕೆ ಇಡ್ತೀಯೇ? ತುದಿ ಇದ್ರೆ ತಾನೇ ಸೋರೋದು. ಪ್ರಿನ್ಸೆಸ್ ಕಟ್ ಇಡು."

"ಅಲ್ಲಮ್ಮಾ, ಎದೆ ಮೇಲೆ ಬರೋ ಹೊತ್ತಿಗೆ ಆ ಹೊಲಿಗೆ ತುಂಬಾ ಬಾಗತ್ತೆ. ಈ ಟೇಪು ಅಷ್ಟು ಬಾಗಲ್ಲ."

"ಎದೆ ಮೇಲೇ ಯಾಕೆ ಒಯ್ಯಬೇಕು? ಪಕ್ಕಕ್ಕೆ ಸರಿಸು. ಅದೇನು ಬ್ಲೌಸಾ, ಮೈಗೆ ಕಚ್ಚಿಕೊಂಡು ಕೂರೋಕೆ? ಒಳಗೆ ಸ್ವೆಟರ್ ಹಾಕ್ಕೋತೀಯಲ್ಲ!"

ಪ್ರಿನ್ಸೆಸ್ ಕಟ್ ಅಂದರೆ ಡಾಟಿನ ಬದಲು ಮೇಲಿನಿಂದ ಕೆಳಗಿನವರೆಗೆ ಬಾಗಿ ಹೋಗುವ ಉದ್ದ ಹೊಲಿಗೆ. ಇದಕ್ಕಿಂತ ಚೆನ್ನಾಗಿ ಯಾವ ಪ್ಯಾಟರ್ನ್ ಪುಸ್ತಕವೂ ಹೇಳಿಲ್ಲ. ತುದಿ ಇಲ್ಲದಿದ್ದರೆ ಸುರಂಗ ಇಲ್ಲ. ಹೊಲಿಗೆಯನ್ನು ಎದೆಯ ಶಿಖರದಿಂದ 5 ಸೆಂ.ಮೀ. ಪಕ್ಕೆಯ ಕಡೆಗೆ ಸರಿಸಿದೆ. 9 ಸೆಂ.ಮೀ. ಡಾಟಿನಲ್ಲಿ 6 ಈ ಪಕ್ಕದ ಪ್ಯಾನೆಲ್ಲಿನ ಹೊಲಿಗೆಗೆ ಹೋಯಿತು, ಉಳಿದ 3 ಮೇಲಿನ ಯೋಕಿನ (ಭುಜದ ಭಾಗದ ತುಂಡಿನ) ಅಡ್ಡ ಹೊಲಿಗೆಗೆ. ಎರಡೂ ಹೊಲಿಗೆಗಳು ಆರ್ಮ್‌ಹೋಲಿನಲ್ಲಿ ಒಂದನ್ನೊಂದು ಮುಟ್ಟಬಾರದು. ನಡುವೆ 7 ಸೆಂ.ಮೀ. ಅಂತರ ಬಿಟ್ಟೆ, ಇಲ್ಲದಿದ್ದರೆ ಟೇಪಿನ ಮೇಲೆ ಟೇಪು ಹತ್ತಿ ಮತ್ತೆ ಸೋರಿಕೆ. ಶಿಖರದ ಮೇಲೆ ಹೊಲಿಗೆ ಹಾಯದಿರುವುದರಿಂದ ಅಲ್ಲಿ ಬಟ್ಟೆ ಸ್ವಲ್ಪ ಸಡಿಲ ನಿಲ್ಲುತ್ತದೆ. ಒಳಗೆ ಫ್ಲೀಸ್ (ಬೆಚ್ಚನೆಯ ಸ್ವೆಟರ್ ಥರದ್ದು) ಹಾಕಿದಾಗ ಆ ಸಡಿಲವೇ ಬೇಕಾಗುತ್ತದೆ.

ಟೇಪು ಹಾಕುವವರು ಗಮನಿಸಿ: ಹೊಲಿಗೆಯ ಅಂಚನ್ನು 6 ಮಿ.ಮೀ.ಗೆ ಕತ್ತರಿಸಿಕೊಂಡರೆ ಬಾಗಿನಲ್ಲಿ ಕತ್ತರಿ ಗುರುತೇ ಹಾಕಬೇಕಾಗಿಲ್ಲ, 22 ಮಿ.ಮೀ. ಟೇಪು ಪೂರ್ತಿ ಮುಚ್ಚುತ್ತದೆ. ಬಾಗನ್ನು ಚಪ್ಪಟೆ ಮೇಜಿನ ಮೇಲೆ ಒತ್ತಬೇಡಿ, ಗಟ್ಟಿಯಾಗಿ ಸುತ್ತಿದ ಟವೆಲ್ಲಿನ ಮೇಲೆ ಅದರ ಆಕಾರದಲ್ಲೇ ಕೂರಿಸಿ. ಟೆಫ್ಲಾನ್ ಹಾಳೆ ಇಟ್ಟು ಒಂದೊಂದು ಅಂಗೈ ಉದ್ದಕ್ಕೆ ಇಸ್ತ್ರಿ ಒತ್ತಿ, ತೆಗೆದ ಕೂಡಲೇ ತಣ್ಣನೆಯ ಸ್ಟೀಲ್ ಲೋಟದ ತಳದಿಂದ ಒತ್ತಿ ಹಿಡಿಯಿರಿ. ಅಂಟು ಗಟ್ಟಿಯಾಗುವುದು ತಣಿಯುವಾಗ. ಬಿಸಿಯಲ್ಲಿ ಎಷ್ಟು ಒತ್ತಿದರೂ ಆಮೇಲೆ ಕೈಬಿಟ್ಟರೆ ಪ್ರಯೋಜನವಿಲ್ಲ. ಗುಂಡುಸೂಜಿ ಮುಟ್ಟಲೇಬೇಡಿ, ಕ್ಲಿಪ್ಪು ಮಾತ್ರ.

ಈ ಪಕ್ಕದ ಪ್ಯಾನೆಲ್ಲು ಬಂದಮೇಲೆ ತಲೆಯಲ್ಲಿ ಬಿಬ್ ಪ್ಯಾಂಟು (ಎದೆಯವರೆಗೆ ಬಂದು ಭುಜಕ್ಕೆ ಪಟ್ಟಿ ಇರುವ ಸ್ಕೀ ಪ್ಯಾಂಟು) ಕುಣಿಯಲು ಶುರುವಾಗಿದೆ. ದೊಡ್ಡ ಸೈಜಿನ ಬಿಬ್ಬುಗಳ ಕಥೆ ಜಾಕೆಟ್ಟಿಗಿಂತ ಕೆಟ್ಟದ್ದು: ಸೊಂಟಕ್ಕೆ ಆದದ್ದು ತೊಡೆಗೆ ಆಗುವುದಿಲ್ಲ, ಶೌಚಾಲಯಕ್ಕೆ ಹೋಗಬೇಕೆಂದರೆ ಜಾಕೆಟ್ಟು ಸಮೇತ ಎಲ್ಲ ಕಳಚಬೇಕು. ಇದೇ ಪಕ್ಕದ ಹೊಲಿಗೆಯನ್ನು ಕೆಳಗೆ ಮುಂದುವರಿಸಿ ಉದ್ದ ಜಿಪ್ಪು ಕೂರಿಸಿದರೆ ಹಿಂಭಾಗ ಮಾತ್ರ ಇಳಿಯುವ ಹಾಗೆ ಮಾಡಬಹುದು. ತೊಡೆಗಳ ನಡುವೆ ಸಲ್ವಾರಿಗೆ ಇಡುವಂಥ ಚೌಕದ ತುಂಡು ಇಟ್ಟರೆ ಬಗ್ಗಲು ಜಾಗ ಸಿಗುತ್ತದೆ, ಉಜ್ಜಿ ಸವೆಯುವುದೂ ತಪ್ಪುತ್ತದೆ. ಹಳೆಯ ಬೆಡ್‌ಶೀಟಿನಲ್ಲಿ ಒಂದು ಮಾದರಿ ಆಗಲೇ ಕತ್ತರಿಸಿಟ್ಟಿದ್ದೇನೆ. ಜಾಕೆಟ್ಟು ಮುಗಿಯುವವರೆಗೆ ಅದನ್ನು ಮುಟ್ಟುವುದಿಲ್ಲ ಅಂತ ಮನೆಯವರಿಗೆ ಮಾತು ಕೊಟ್ಟಿದ್ದೇನೆ. ಕೊಟ್ಟಿದ್ದೇನೆ, ಹೌದು.

ತೋಳಿನ ಬಗ್ಗೆ ಚಿಕ್ಕದಾಗಿ. ಸ್ಲೀವ್ ಕ್ಯಾಪಿನ (ಭುಜಕ್ಕೆ ಸೇರುವ ಸ್ಲೀವಿನ ಗುಮ್ಮಟದಂಥ ಮೇಲ್ಭಾಗದ) ಎತ್ತರ ತಗ್ಗಿಸಿದಷ್ಟೂ ತೋಳಿನ ಅಗಲ ಹೆಚ್ಚುತ್ತದೆ, ಕೈ ಎತ್ತುವುದೂ ಸುಲಭ. 18 ಇಂಚಿನ ತೋಳಿಗೆ 23 ಇಂಚಿನ ಸ್ಲೀವು ಬಂತು. ಕಂಕುಳಲ್ಲಿ ಸ್ವಲ್ಪ ಬಟ್ಟೆ ಮಡಿಕೆ ಬೀಳುತ್ತದೆ, ಬೀಳಲಿ. ಈಗ ಪೋಲ್ ಚುಚ್ಚಲು ಕೈ ಮುಂದೆ ಚಾಚಿದರೆ ಜಾಕೆಟ್ಟಿನ ಕೆಳಅಂಚು ಮೇಲೆ ಏರುವುದಿಲ್ಲ. ಇಷ್ಟು ವರ್ಷ ಪ್ರತಿ ತಿರುವಿಗೂ ಸೊಂಟ ಬರಿದಾಗಿ ಹಿಮ ಒಳಗೆ ನುಗ್ಗುತ್ತಿತ್ತು.

ಸ್ನೋಕ್ವಾಲ್ಮಿಯಲ್ಲಿ ರಾತ್ರಿ ಸ್ಕೀಯಿಂಗಿಗೆ ಹೋಗಿ ಹಾಕಿ ನೋಡಿದೆ, ಪೌಡರ್ ಸ್ಕರ್ಟ್ (ಹಿಮ ಒಳಗೆ ನುಗ್ಗದ ಹಾಗೆ ಸೊಂಟದ ಸುತ್ತ ಒಳಗಡೆ ಇರುವ ಪಟ್ಟಿ) ಇಲ್ಲದೆ, ಮುಂಗೈ ಪಟ್ಟಿ ಇಲ್ಲದೆ, ಅರ್ಧಂಬರ್ಧವಾಗಿಯೇ. ದೀಪದ ಬೆಳಕಿನಲ್ಲಿ ಮಳೆ ಅಡ್ಡಡ್ಡ ಬೀಳುತ್ತಿತ್ತು. ಕಾರಿಗೆ ಬಂದು ಜಾಕೆಟ್ಟು ಬಿಚ್ಚಿ ಎದೆಯ ಫ್ಲೀಸ್ ಮುಟ್ಟಿ ನೋಡಿಕೊಂಡೆ: ಒಣ. ಬೆನ್ನು ಸ್ವಲ್ಪ ಬೆವರಿತ್ತು, ಅದು ಬ್ಯಾಕ್‌ಪ್ಯಾಕಿನ ಕೆಲಸ. ಪಿಟ್ ಜಿಪ್ಪನ್ನು ಪಕ್ಕದ ಪ್ಯಾನೆಲ್ಲಿನೊಳಗೆ ಇನ್ನೂ 8 ಸೆಂ.ಮೀ. ಕೆಳಗೆ ಇಳಿಸಿದರೆ ಇನ್ನಷ್ಟು ಗಾಳಿ ಬರುತ್ತದೆ, ಮುಂದಿನ ಜಾಕೆಟ್ಟಿಗೆ ಹಾಗೇ ಮಾಡುತ್ತೇನೆ.

ಬಾಕಿ ಇರುವುದು: ಎಡ ಮುಂಗೈ ಮೇಲೆ ಲಿಫ್ಟ್ ಪಾಸಿನ ಜೇಬು, ಪೌಡರ್ ಸ್ಕರ್ಟ್, ಹುಡ್ಡಿನ ದಾರ. ಸ್ಕರ್ಟಿಗೆ ಸುತ್ತ ಎಲಾಸ್ಟಿಕ್ ಹಾಕದೆ ಹಿಂದೆ ಮಾತ್ರ ಹಾಕಿ, ಮುಂದೆ ಎರಡು ಸಾಲು ಸ್ನ್ಯಾಪ್ ಬಟನ್ ಇಡುವ ಯೋಚನೆಯಿದೆ, ಊಟ ಮಾಡಿದ ಮೇಲೆ ಒಂದು ಸಾಲು ಸಡಿಲಿಸಿಕೊಳ್ಳಬಹುದು. ಪ್ಯಾಟರ್ನನ್ನು ಹಾಳೆಗೆ ಇಳಿಸುತ್ತಿದ್ದೇನೆ, ಬೇಕಾದವರಿಗೆ ಕೊಡುತ್ತೇನೆ, ದುಡ್ಡು ಬೇಡ. ನಿಮ್ಮ ಅಳತೆಗೆ ತಿದ್ದಿಕೊಡಬೇಕಿದ್ದರೆ ಎದೆ, ಎದೆಯ ಮೇಲ್ಭಾಗ, ಹಿಪ್, ಭುಜ, ತೋಳು ಐದೂ ಬರೆದು ಕಳಿಸಿ. ತೋಳನ್ನು ಮೊಣಕೈ ಮಡಚಿ, ಒಳಗೆ ಹಾಕುವ ಫ್ಲೀಸ್ ಹಾಕಿಕೊಂಡೇ ಅಳೆಯಿರಿ, ಟೇಪನ್ನು ಬಿಗಿಯಾಗಿ ಎಳೆಯಬೇಡಿ.